ಊಟದ ನಂತರ ಡಿಸ್ಚಾರ್ಜ್

ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾರುವ ಕಂಪನಿಯಲ್ಲಿ ಕೆಲಸ ಮಾಡುವವನಿಗೆ ನೆಂಟರಿಷ್ಟರ ನಡುವೆ ಖಚಿತವಾದ ಒಂದು ಜಾಗ ಸಿಗುವುದಿಲ್ಲ. ಮದುವೆಮನೆಯಲ್ಲಿ ದೊಡ್ಡಮ್ಮಂದಿರು 'ಆಸ್ಪತ್ರೆ' ಎಂಬುದಷ್ಟನ್ನೇ ಕೇಳಿಸಿಕೊಂಡು, ವ್ಯಾನಿಟಿ ಬ್ಯಾಗಿನಿಂದ ಥೈರಾಯ್ಡ್ ರಿಪೋರ್ಟ್ ತೆಗೆದು, "ನೋಡಪ್ಪಾ, ಮಾತ್ರೆ ಬಿಡಬಹುದಾ?" ಎನ್ನುತ್ತಾರೆ. ದೊಡ್ಡಪ್ಪಂದಿರಿಗೆ 'ಸಾಫ್ಟ್‌ವೇರ್' ಎಂಬುದು ಮಾತ್ರ ಕೇಳಿಸಿರುತ್ತದೆ; ಅಮೆರಿಕಕ್ಕೆ ಯಾವಾಗ ಹೊರಡುತ್ತೀ ಎಂದು ವಿಚಾರಿಸುತ್ತಾರೆ. ನಾನು ಹೊರಡುವುದು ರಾಣೆಬೆನ್ನೂರಿಗೆ, ಸಿಂಧನೂರಿಗೆ, ಹೆಚ್ಚೆಂದರೆ ವಿಜಯಪುರಕ್ಕೆ. ಅದೂ ರಾತ್ರಿ ಬಸ್ಸಿನಲ್ಲಿ, ತೊಡೆಯ ಮೇಲೆ ಪ್ರೊಜೆಕ್ಟರ್ ಇಟ್ಟುಕೊಂಡು.

ರಾಜಾಜಿನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿರುವ ನಮ್ಮ ಕಂಪನಿಗೆ ಬಹಳ ಚೆಂದದ ಬ್ರೋಷರ್ ಇದೆ. ಅದರ ಕೊನೆಯ ಪುಟದಲ್ಲಿ ಮೂರು ಫೋಟೊಗಳು: ಪಾಲುದಾರಿಕೆ, ಸಮುದಾಯ ಸೇವೆ, ಗ್ರಾಹಕ ತರಬೇತಿ. ಮೂರರಲ್ಲೂ ಜನ ನಗುತ್ತಿದ್ದಾರೆ. ಮೂರೂ ಫೋಟೊ ತೆಗೆಯುವಾಗ ನಾನು ಅಲ್ಲಿದ್ದೆ, ಹಾಗಾಗಿ ಯಾರು ಯಾತಕ್ಕೆ ನಗುತ್ತಿದ್ದರೆಂದು ಗೊತ್ತು.

ಪಾಲುದಾರಿಕೆಯ ಒಡಂಬಡಿಕೆ ಎಂದರೆ ಹೆಚ್ಚುಕಡಿಮೆ ನಿಶ್ಚಿತಾರ್ಥ. ಎರಡೂ ಕಡೆಯ ಹಿರಿಯರು ತಾಂಬೂಲ ಬದಲಿಸುವಂತೆ ನೀಲಿ ಫೈಲುಗಳನ್ನು ಬದಲಿಸಿಕೊಳ್ಳುತ್ತಾರೆ, ಫೋಟೊಗ್ರಾಫರ್ ಸಾಕೆನ್ನುವವರೆಗೆ ಫೈಲು ಬಿಡುವುದಿಲ್ಲ, ಮುಂದೆ ಸಂಸಾರ ಮಾಡಬೇಕಾದವರು ಮಾತ್ರ ವೇದಿಕೆಯ ಮೇಲಿರುವುದಿಲ್ಲ. ನಮ್ಮ ಪ್ರಕರಣದಲ್ಲಿ ಸಂಸಾರ ಮಾಡಬೇಕಾಗಿದ್ದುದು ಪಾಲುದಾರ ಕಂಪನಿಯ ರಕ್ತಪರೀಕ್ಷೆಯ ಯಂತ್ರ ಮತ್ತು ನಮ್ಮ ಸಾಫ್ಟ್‌ವೇರ್. ಭಾಷಣದಲ್ಲಿ ಕ್ಲೌಡ್ ಬಂತು, ಕೃತಕ ಬುದ್ಧಿಮತ್ತೆ ಬಂತು, ಎಚ್‌ಎಲ್‌ 7 ಕೂಡ ಬಂತು. ಈ ಎಚ್‌ಎಲ್‌ 7 ಎಂಬುದು ಆಸ್ಪತ್ರೆಯ ಕಂಪ್ಯೂಟರುಗಳು ಒಂದರ ಮಾತು ಒಂದಕ್ಕೆ ತಿಳಿಯಲಿ ಎಂದು 1987ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ ಮಾಡಿಟ್ಟ ಕಟ್ಟುಪಾಡು. ಸಮಾರಂಭ ಮುಗಿಸಿ ತಾಲ್ಲೂಕಿನ ಆಸ್ಪತ್ರೆಗೆ ಹೋಗಿ ಯಂತ್ರದ ಬೆನ್ನು ತಿರುಗಿಸಿ ನೋಡಿದರೆ, ಅಲ್ಲಿದ್ದದ್ದು ಆರ್‌ಎಸ್‌ 232 ಎಂಬ ಹಳೇ ಕಾಲದ ಕಿಂಡಿ. ಅದರ ನಿಯಮ ಬರೆದದ್ದು 1960ರಲ್ಲಿ. ಅದಕ್ಕೆ ಹೊಂದುವ ಕೇಬಲ್ ಇರುವ ಒಂದೇ ಒಂದು ಅಂಗಡಿಯನ್ನು ಎಸ್‌.ಪಿ. ರಸ್ತೆಯಲ್ಲಿ ಹುಡುಕಿ ತರಿಸಿದ್ದಾಯಿತು.

ಅಲ್ಲಿಯವರೆಗೆ ಲ್ಯಾಬಿನ ಹುಡುಗ ಸಕ್ಕರೆ, ಯೂರಿಯಾ, ಕ್ರಿಯಾಟಿನಿನ್ ಎಲ್ಲವನ್ನೂ ಗ್ಲೌಸಿನ ಖಾಲಿ ಡಬ್ಬದ ಮೇಲೆ ಬರೆದುಕೊಂಡು ಆಮೇಲೆ ಟೈಪು ಮಾಡುತ್ತಿದ್ದ. ಡಬ್ಬ ತುಂಬಿದರೆ ಇನ್ನೊಂದು ಡಬ್ಬ. ಯಂತ್ರದಿಂದ ನೇರವಾಗಿ ರಿಪೋರ್ಟು ಬಂದ ದಿನ ನನ್ನ ಕೈ ಕುಲುಕಿದ. ಆದರೆ ಸಂಜೆಯಾಗುತ್ತಲೇ ರಿಪೋರ್ಟು ನಿಂತುಹೋಗುತ್ತಿತ್ತು. ಬೆಳಗ್ಗೆ ಮತ್ತೆ ಬರುತ್ತಿತ್ತು. "ನಮ್ಮ ಕಡೆ ಎಲ್ಲ ಸರಿಯಿದೆ" ಎಂದು ನಾವು ಅವರಿಗೆ ಬರೆದೆವು. ಅವರೂ ಅದೇ ವಾಕ್ಯವನ್ನು ನಮಗೆ ಬರೆದರು. ಪಾಲುದಾರರ ನಡುವೆ ಪೂರ್ಣ ಸಹಮತವಿದ್ದ ಏಕೈಕ ವಿಷಯ ಅದು. ಕಡೆಗೆ ಲ್ಯಾಬಿನಲ್ಲಿ ಕುಳಿತು ಕಾದರೆ, ರಾತ್ರಿ ಪಾಳಿಯವನು ಬಂದು ಟಿಫಿನ್ ಬಾಕ್ಸ್ ಇಟ್ಟು, ಕೇಬಲ್ಲಿನ ಪುಟ್ಟ ಪೆಟ್ಟಿಗೆಯ ಪ್ಲಗ್ ಕಿತ್ತು, ತನ್ನ ಮೊಬೈಲ್ ಚಾರ್ಜಿಗೆ ಹಾಕಿಕೊಂಡ. ಆ ಗೋಡೆಯಲ್ಲಿದ್ದದ್ದು ಒಂದೇ ಪಾಯಿಂಟು. ಒಂದು ಎಕ್ಸ್‌ಟೆನ್ಷನ್ ಬೋರ್ಡು ಕೊಂಡು ಕೊಟ್ಟೆ. ಪಾಲುದಾರಿಕೆ ಅಂದಿನಿಂದ ಇಪ್ಪತ್ನಾಲ್ಕು ಗಂಟೆಯೂ ನಡೆಯುತ್ತಿದೆ. ಬೋರ್ಡಿನ ಬಿಲ್ಲನ್ನು ಲೆಕ್ಕಪತ್ರ ವಿಭಾಗದವರು ಇನ್ನೂ ಪಾಸು ಮಾಡಿಲ್ಲ.

ಸಮುದಾಯ ಸೇವೆಯ ಕತೆ ಚಿಕ್ಕದು. ಆಸ್ಪತ್ರೆಯ ಡಾಕ್ಟರ್ ಸಾಹೇಬರೇ ಅಧ್ಯಕ್ಷರಾಗಿದ್ದ ಕಬಡ್ಡಿ ಪಂದ್ಯಾವಳಿ, ಬೇಡವೆನ್ನುವ ಹಾಗಿಲ್ಲ. ಬ್ಯಾನರಿನಲ್ಲಿ ಶಾಸಕರು, ಮಾಜಿ ಶಾಸಕರು, ಮುಂದಿನ ಶಾಸಕರು ಎಲ್ಲರ ಮುಖವೂ ಮುಗಿದ ಮೇಲೆ ಉಳಿದ ಜಾಗದಲ್ಲಿ ಬೋರ್‌ವೆಲ್ ಏಜೆನ್ಸಿಯವರ ಪಕ್ಕ ನಮ್ಮ ಲಾಂಛನ, ಹುಣಸೆಬೀಜದ ಗಾತ್ರದಲ್ಲಿ. ಆಟಗಾರರ ಜೆರ್ಸಿಯ ಬೆನ್ನ ಮೇಲೆ ಮಾತ್ರ ದೊಡ್ಡದಾಗಿ ಹಾಕಿಸಿದ್ದೆವು. ಮಣ್ಣಿನ ಅಂಕಣದ ಕಬಡ್ಡಿಯಲ್ಲಿ ಮೊದಲು ನೆಲ ಮುಟ್ಟುವುದು ಬೆನ್ನು ಎಂಬುದು ಬೇಕರಿಯ ಮೇಲೆ ಕುಳಿತು ವಿನ್ಯಾಸ ಮಾಡುವವರಿಗೆ ಹೊಳೆಯುವುದಿಲ್ಲ. ಮೈಕಿನವನು ಉದಾರಿ. "ಬೆಂಗಳೂರಿನ ಸುಪ್ರಸಿದ್ಧ ಕಂಪ್ಯೂಟರ್ ರಿಪೇರಿ ಕಂಪನಿಯವರು" ಎಂದು ಗಂಟೆಗೊಮ್ಮೆ ನಮ್ಮನ್ನು ಹೊಗಳಿದ. ಮರುದಿನ ಬೆಳಗ್ಗೆ ಆಸ್ಪತ್ರೆಯ ಕೌಂಟರಿನಲ್ಲಿ ಮೂವರು ಕೆಟ್ಟ ಮಾನಿಟರು ಹೊತ್ತು ನನಗಾಗಿ ಕಾದಿದ್ದರು, ನಾಲ್ಕನೆಯವರ ಕೈಯಲ್ಲಿ ಮಿಕ್ಸಿ. ಹಾಗೆಂದು ಪ್ರಾಯೋಜಕತ್ವದಿಂದ ಲಾಭವೇ ಆಗಲಿಲ್ಲ ಎನ್ನಲಾರೆ. ನಮ್ಮ ತುರ್ತು ಚಿಕಿತ್ಸಾ ವಿಭಾಗದ ಮಾಡ್ಯೂಲಿನಲ್ಲಿ ದಾಖಲಾದ ಮೊಟ್ಟಮೊದಲ ನಿಜವಾದ ರೋಗಿ, ಸೆಮಿಫೈನಲಿನಲ್ಲಿ ಭುಜ ತಪ್ಪಿಸಿಕೊಂಡ ಹುಡುಗ. ನಮ್ಮ ಜೆರ್ಸಿಯನ್ನು ಕತ್ತರಿಸಿಯೇ ತೆಗೆಯಬೇಕಾಯಿತು.

ಇನ್ನು ತರಬೇತಿ. ಇದೇ ನನ್ನ ಅನ್ನ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ.

ನಮ್ಮಲ್ಲಿದ್ದು ಈಗ ವಿಸ್ಕಾನ್ಸಿನ್‌ನಲ್ಲಿರುವ ಮಿತ್ರನೊಬ್ಬ ಆಗಾಗ ವಿಡಿಯೊ ಕಾಲ್ ಮಾಡಿ ಹೊಟ್ಟೆ ಉರಿಸುತ್ತಾನೆ. ಅಲ್ಲಿಯ ವೆರೋನಾದಲ್ಲಿ ಎಪಿಕ್ ಎಂಬ ದೈತ್ಯ ಕಂಪನಿಯಿದೆ. 1979ರಲ್ಲಿ ಜೂಡಿ ಫಾಕ್ನರ್ ಕಟ್ಟಿದ್ದು. ಆಸ್ಪತ್ರೆಯ ದಾಖಲೆಗಳ ಸಾಫ್ಟ್‌ವೇರಿನಲ್ಲಿ ಅಮೆರಿಕಕ್ಕೆ ಅವರೇ ದೊಡ್ಡವರು. ವರ್ಷಕ್ಕೊಮ್ಮೆ ಗ್ರಾಹಕರ ಸಮಾವೇಶ. ನೆಲದಡಿಯಲ್ಲಿ 11,000ಕ್ಕೂ ಹೆಚ್ಚು ಜನ ಕೂರುವ ಸಭಾಂಗಣ. ಹೆಸರು 'ಡೀಪ್ ಸ್ಪೇಸ್'. ಎಂಬತ್ತು ದಾಟಿದ ಒಡತಿ ಚಿತ್ರವಿಚಿತ್ರ ವೇಷ ಹಾಕಿಕೊಂಡು ವೇದಿಕೆಗೆ ಬರುತ್ತಾರಂತೆ. ನಮ್ಮಲ್ಲಿ ತರಬೇತಿ ನಡೆಯುವುದು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಹಾಸಿಗೆಗಳು ಬರುವುದಕ್ಕೆ ಕಾಯುತ್ತಿರುವ ವಾರ್ಡಿನಲ್ಲಿ. ಪರದೆಯ ಜಾಗದಲ್ಲಿ ಬೆಡ್‌ಶೀಟು; ಒಂದು ಮೂಲೆಯಲ್ಲಿ ಆಸ್ಪತ್ರೆಯ ಮೊಹರು ಇರುವುದರಿಂದ ನಾನು ತೋರಿಸುವ ಪ್ರತಿ ಬಿಲ್ಲಿನ ಮೇಲೂ 'ಪುರುಷರ ವಾರ್ಡ್' ಎಂದು ಬೀಳುತ್ತದೆ. ವೇಷ ಹಾಕಲು ಯಾರೂ ಇಲ್ಲ. ಡಾಕ್ಟರ್ ಸಾಹೇಬರು ಒಂದು ನಿಮಿಷ ಬಂದು, "ಎಲ್ಲರೂ ಛಲೋತ್ನಾಗಿ ಕಲೀರಿ" ಎಂದು ಹರಸಿ, ಸಿಸೇರಿಯನ್ ಇದೆಯೆಂದು ಹೋಗುತ್ತಾರೆ. ಡಾಕ್ಟರುಗಳಿಗೆ ತರಬೇತಿಯ ದಿನ ಸಿಸೇರಿಯನ್ ಇದ್ದೇ ಇರುತ್ತದೆ. ದಂತವೈದ್ಯರಿಗೂ.

ಕಲಿಯಲು ಕೊಡುವ ನಕಲಿ ರೋಗಿಗಳಿಗೆ ಹೆಸರಿಡುವ ಸ್ವಾತಂತ್ರ್ಯ ಕಲಿಯುವವರದು. ಚಿತ್ರರಂಗದ ನಾಯಕರೆಲ್ಲ ಹತ್ತು ನಿಮಿಷದೊಳಗೆ ಹೊರರೋಗಿಗಳಾಗುತ್ತಾರೆ. ಒಮ್ಮೆ ಸೂಪರಿಂಟೆಂಡೆಂಟರ ಹೆಸರಲ್ಲೇ ಹೆರಿಗೆ ವಾರ್ಡಿಗೆ ದಾಖಲಾತಿಯಾಗಿ, ಅವಳಿ ಮಕ್ಕಳೂ ಆದವು. ಸಾಫ್ಟ್‌ವೇರ್ ತಡೆಯಬೇಕಿತ್ತಲ್ಲ ಎಂದರೆ, ತಡೆಯಿತು. ದಾಖಲಿಸಿದ ಹುಡುಗಿ ಲಿಂಗದ ಕಾಲಮ್ಮನ್ನೂ ತಿದ್ದಿದ್ದಳು. ಅಷ್ಟು ಚುರುಕಾಗಿ ಕಲಿತವರು ಅಂದು ಬೇರೆ ಯಾರೂ ಇರಲಿಲ್ಲ.

ಜನ್ಮದಿನಾಂಕದ್ದು ಇನ್ನೊಂದು ತಮಾಷೆ. ಹಳ್ಳಿಯಿಂದ ಬಂದ ಅಜ್ಜನಿಗೆ ವಯಸ್ಸೆಷ್ಟೆಂದರೆ "ಹಾಕ್ರಿ ಎಪ್ಪತ್ತರ ಮ್ಯಾಲ" ಎನ್ನುತ್ತಾನೆ. ವಯಸ್ಸು ಹೊಡೆದರೆ ಸಾಫ್ಟ್‌ವೇರು ತಾನೇ ಜನವರಿ 1 ಎಂದು ತುಂಬಿಕೊಳ್ಳುತ್ತದೆ. ಅದರ ಲೆಕ್ಕದಲ್ಲಿ ಉತ್ತರ ಕರ್ನಾಟಕದ ಹಿರಿಯರೆಲ್ಲ ಹೊಸ ವರ್ಷದ ದಿನವೇ ಭೂಮಿಗೆ ಬಂದವರು. ಶುಭಾಶಯದ ಎಸ್ಸೆಮ್ಮೆಸ್ಸು ಕಳಿಸುವ ಸೌಲಭ್ಯವನ್ನು ನಮ್ಮ ಮಾರ್ಕೆಟಿಂಗಿನವರು ಸೇರಿಸಿದ ವರ್ಷ ಜನವರಿ ಒಂದರ ಬೆಳಗ್ಗೆ ಸರ್ವರ್ ಮಲಗಿಬಿಟ್ಟಿತು.

ರೋಗಗಳ ಸಂಕೇತದ ಪಾಠ ನನಗೆ ಅಚ್ಚುಮೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದಲೇ ಜಾರಿಗೆ ಬಂದಿದೆ, ನಾವಿನ್ನೂ ಹತ್ತರಲ್ಲೇ ಇದ್ದೇವೆ. ಹತ್ತರಲ್ಲಿ ಏನಿಲ್ಲ? ನಾಯಿ ಕಚ್ಚಿದರೆ ಡಬ್ಲ್ಯೂ 54, ಮರದಿಂದ ಬಿದ್ದರೆ ಡಬ್ಲ್ಯೂ 14, ಮರದಿಂದ ಏನಾದರೂ ತಲೆಯ ಮೇಲೆ ಬಿದ್ದರೆ ಡಬ್ಲ್ಯೂ 20. ಹೀಗಾಗಿ ತೆಂಗಿನ ಮರದ ವಿಚಾರದಲ್ಲಿ ಯಾರು ಯಾರ ಮೇಲೆ ಬಿದ್ದರು ಎಂಬುದನ್ನು ಸರಿಯಾಗಿ ಕೇಳಿ ತುಂಬಬೇಕು, ಇಲ್ಲವಾದರೆ ವಿಮೆಯವರು ವಾಪಸು ಕಳಿಸುತ್ತಾರೆ. ಎತ್ತಿನ ಗಾಡಿಯಲ್ಲಿ ಕೂತಿದ್ದವನಿಗೆ ಅಪಘಾತವಾದರೆ ಅದಕ್ಕೂ ವಿ 80 ಎಂದಿದೆ. ಇದನ್ನೆಲ್ಲ ಹೆಮ್ಮೆಯಿಂದ ವಿವರಿಸಿದ ಮೇಲೆ ಹಿಂದಿನ ಸಾಲಿನಿಂದ ಹಿರಿಯ ಸಿಸ್ಟರ್ ಒಬ್ಬರು ಕೈ ಎತ್ತಿದರು. "ಸರ, ದೃಷ್ಟಿ ತಾಗಿದ್ದಕ್ಕ ಯಾವ ನಂಬರ್ ಐತ್ರಿ?" ಜಿನೀವಾದವರು ಇದನ್ನು ಯೋಚಿಸಿಲ್ಲ ಎಂದು ಒಪ್ಪಿಕೊಳ್ಳಲೇಬೇಕಾಯಿತು. "ಮತ್ತ ಅದೇ ಜಾಸ್ತಿ ಬರೋದ್ರಿ ನಮ್ಮಲ್ಲೆ" ಎಂದರು ಸಿಸ್ಟರ್.

ಆಮೇಲೆ ಆಭಾ. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾಯಿತಲ್ಲ, ಅದರ 14 ಅಂಕಿಗಳ ಆರೋಗ್ಯ ಸಂಖ್ಯೆ. ಆಧಾರ್ ಮೂಲಕ ಮಾಡಿಸುವುದಾದರೆ ಓಟಿಪಿ ಬೇಕು. ಕೌಂಟರಿನಲ್ಲಿ ಅಜ್ಜಿ ನಿಂತಿದ್ದಾಳೆ. ಆಧಾರಿಗೆ ಜೋಡಿಸಿದ ಮೊಬೈಲು ಬೆಂಗಳೂರಿನ ಪೀಣ್ಯದಲ್ಲಿರುವ ಮಗನ ಜೇಬಿನಲ್ಲಿದೆ. ಕೌಂಟರಿನ ಅಕ್ಕ ತನ್ನ ಫೋನಿನಿಂದ ಅವನಿಗೆ ಕರೆ ಮಾಡುತ್ತಾಳೆ. "ಅಣ್ಣಾ, ಒಂದು ಓಟಿಪಿ ಬಂದೈತಲ್ಲ, ಹೇಳ್ರಿ." ಬ್ಯಾಂಕಿನವರು, ಪೊಲೀಸರು ವರ್ಷಗಟ್ಟಲೆ ತಿದ್ದಿ ತೀಡಿದ ಪ್ರಜೆ ಅವನು, "ನಿಮ್ಮಂಥೋರ್ನ ಭಾಳ ನೋಡೇನಿ" ಎಂದು ಫೋನಿಡುತ್ತಾನೆ. ಎರಡನೇ ಸಲ ಅಜ್ಜಿಯೇ ಮಾತಾಡುತ್ತಾಳೆ: "ತಮ್ಮಾ, ನಾ ನಿಮ್ಮವ್ವ." ಅವನಿಗೆ ಅನುಮಾನ ಇನ್ನೂ ಬಲವಾಗುತ್ತದೆ; ಇತ್ತೀಚೆಗೆ ಧ್ವನಿಯನ್ನೂ ನಕಲಿ ಮಾಡುತ್ತಾರಲ್ಲ. ಮನೆಯ ಎಮ್ಮೆಗಳ ಹೆಸರು ಹೇಳಿಸಿ, ಸಾಲ ಕೊಟ್ಟ ಸೋದರಮಾವನ ಹೆಸರು ಹೇಳಿಸಿ, ತಾಯಿಯೇ ಹೌದೆಂದು ನಿಶ್ಚಯಿಸಿಕೊಂಡು ಅಂಕಿ ಹೇಳುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿರುತ್ತದೆ. ಈ ನಾಟಕ ನನ್ನ ಸ್ಲೈಡುಗಳಲ್ಲಿ ಒಂದು ಬಾಣದ ಗುರುತು: 'ಓಟಿಪಿ ನಮೂದಿಸಿ'.

ಇಷ್ಟು ಹೊತ್ತಿಗೆ ಊಟ. ತರಬೇತಿಯ ಯಶಸ್ಸು ನಿಂತಿರುವುದೇ ಊಟದ ಮೇಲೆ. ಸಾಫ್ಟ್‌ವೇರು ಮರೆತವರೂ ಗೋಧಿ ಹುಗ್ಗಿಗೆ ತುಪ್ಪ ಎಷ್ಟು ಹಾಕಿದ್ದರೆಂದು ಮರೆತಿರುವುದಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹುಗ್ಗಿ, ಅನ್ನ ಸಾರು, ಮಜ್ಜಿಗೆ. ವೇಳಾಪಟ್ಟಿಯಲ್ಲಿ ಅದರ ಕೆಳಗಿನ ಸಾಲು: 'ಊಟದ ನಂತರ – ಡಿಸ್ಚಾರ್ಜ್'. ಯಾರೋ ಪುಣ್ಯಾತ್ಮರು ಕಂಪನಿ ಶುರುವಾದ ಕಾಲದಲ್ಲಿ ಮಾಡಿದ ಪಟ್ಟಿ ಅದು: ರೋಗಿ ಮೊದಲು ಬರುತ್ತಾನೆ, ಕೊನೆಗೆ ಹೋಗುತ್ತಾನೆ, ಆದ್ದರಿಂದ ಡಿಸ್ಚಾರ್ಜ್ ಪಾಠ ಕೊನೆಗೆ.

ನಿಜಕ್ಕೂ ಅತಿ ಜಟಿಲವಾದ ಪಾಠ ಅದೇ. ಡಾಕ್ಟರು ಬೆಳಗಿನ ರೌಂಡಿನಲ್ಲಿ "ಇವತ್ತು ಮನೆಗೆ ಹೋಗಬಹುದು" ಎಂದು ಒಂದು ಮಾತು ಹೇಳಿ ಹೋಗುತ್ತಾರೆ. ಆಗ ವಾರ್ಡಿನವರು ಬಳಸದ ಇಂಜೆಕ್ಷನ್ನು, ಗ್ಲೂಕೋಸ್ ಬಾಟಲಿಗಳನ್ನು ಔಷಧಾಲಯಕ್ಕೆ ಹಿಂದಿರುಗಿಸಬೇಕು, ಅವರು ಎಣಿಸಿ ದುಡ್ಡು ವಜಾ ಮಾಡಬೇಕು, ಲ್ಯಾಬಿನ ಬಾಕಿ ರಿಪೋರ್ಟು ಬರಬೇಕು, ಡಿಸ್ಚಾರ್ಜ್ ಸಮರಿ ಟೈಪಾಗಿ ಡಾಕ್ಟರ ಸಹಿಯಾಗಬೇಕು, ಅಂತಿಮ ಬಿಲ್ಲು ವಿಮಾ ಕಂಪನಿಯ ಪರವಾಗಿ ಕೆಲಸ ಮಾಡುವ ಟಿಪಿಎ ಕಚೇರಿಗೆ ಹೋಗಬೇಕು, ಅಲ್ಲಿಂದ ಒಂದು ಪ್ರಶ್ನೆ ಬರಬೇಕು, ಅದಕ್ಕೆ ಉತ್ತರ ಹೋಗಬೇಕು. ಇದರಲ್ಲಿ ಒಂದು ಕೊಂಡಿ ಅಂಟಿಕೊಂಡರೂ ರೋಗಿ ಚೀಲ ಕಟ್ಟಿಕೊಂಡು, ಹೊಸ ಅಂಗಿ ಹಾಕಿಕೊಂಡು, ಮಂಚದ ಅಂಚಿನಲ್ಲಿ ಸಂಜೆವರೆಗೆ ಕೂತಿರುತ್ತಾನೆ. ಇದನ್ನು ನಾನು ಹುಗ್ಗಿ ಉಂಡವರಿಗೆ, ಫ್ಯಾನಿನಡಿ, ದೀಪ ಆರಿಸಿ, ಪ್ರೊಜೆಕ್ಟರಿನ ನೀಲಿ ಬೆಳಕಿನಲ್ಲಿ ಹೇಳುತ್ತೇನೆ. ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದ ಸಿಸ್ಟರುಗಳು ಎರಡನೇ ಸ್ಲೈಡಿಗೆಲ್ಲ ನಿದ್ದೆಹೋಗಿರುತ್ತಾರೆ. ಎಬ್ಬಿಸಲು ನನಗೆ ಮನಸ್ಸು ಬರುವುದಿಲ್ಲ. ನಿಮ್ಮವರ ಡಿಸ್ಚಾರ್ಜಿಗೆಂದು ನೀವು ಎಂದಾದರೂ ಇಡೀ ದಿನ ಆಸ್ಪತ್ರೆಯಲ್ಲಿ ಕಾದಿದ್ದರೆ, ಟಿಪಿಎಯವರನ್ನು ಬೈಯುವ ಮೊದಲು ಹುಗ್ಗಿಯನ್ನೂ ಒಮ್ಮೆ ನೆನೆಯಬಹುದು.

ಪಾಠವನ್ನು ಬೆಳಗ್ಗೆ ಇಡೋಣವೆಂದು ಕಂಪನಿಗೆ ಬರೆದಿದ್ದೆ. ಬೆಳಗ್ಗೆ ದೀಪ ಬೆಳಗುವುದು, ಶಾಲು ಹೊದಿಸುವುದು, ಪಾಲುದಾರರ ಪರಿಚಯ ಇದೆಯೆಂದು ಉತ್ತರ ಬಂತು.

ಮಲಗದೆ ಕೇಳುತ್ತಿದ್ದವರು ಒಬ್ಬರೇ, ಬಿಲ್ಲಿಂಗ್ ಕೌಂಟರಿನ ಅಕ್ಕ. ಸಾಫ್ಟ್‌ವೇರು ಕೊಂಡದ್ದು ಡಾಕ್ಟರ್ ಸಾಹೇಬರಾದರೂ ಅದು ಬದುಕಬೇಕೋ ಸಾಯಬೇಕೋ ಎಂದು ತೀರ್ಮಾನಿಸುವವರು ಈಕೆ ಎಂಬುದು ನನ್ನ ಅನುಭವ. ಇವರಿಗೆ ಬೇಡವಾದರೆ ಸಾಕು, ಮರುದಿನವೇ ಡ್ರಾಯರಿನಿಂದ ಹಳೇ ಬಿಲ್ ಬುಕ್ಕು, ಕಾರ್ಬನ್ ಪೇಪರು ಹೊರಗೆ ಬರುತ್ತವೆ. ಸಾಹೇಬರಿಗೆ ನಾವು ಬೆಳ್ಳಿಯ ಗಣಪತಿ ಕೊಡುತ್ತೇವೆ, ಈಕೆಗೆ ಮೌಸ್ ಪ್ಯಾಡು. ಅದು ಈಗ ಅವರ ಮೇಜಿನ ಮೇಲೆ ನೀರಿನ ತಂಬಿಗೆಯ ಮುಚ್ಚಳವಾಗಿದೆ. ನಮ್ಮ ಲಾಂಛನ ಅಷ್ಟು ಸ್ವಚ್ಛವಾಗಿ ಉಳಿದಿರುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ.

ತರಬೇತಿಯ ಕೊನೆಗೆ 'ಅತ್ಯುತ್ತಮ ಬಳಕೆದಾರರು' ಎಂಬ ಗಾಜಿನ ಫಲಕವನ್ನು ಆಕೆಗೇ ಕೊಟ್ಟೆವು. ಬ್ರೋಷರಿನ ಮೂರನೇ ಫೋಟೊ ಅದೇ. ಫೋಟೊಗೆ ನಗುತ್ತಲೇ ತುಟಿ ಅಲ್ಲಾಡಿಸದೆ ನನಗೆ ಹೇಳಿದರು: "ಸರ, ಈ ಫಲಕ ಬ್ಯಾಡ್ರಿ ನನಗ. ಆ ಪ್ರಿಂಟ್ ಬಟನ್ ಬಾಜೂಕ ಕ್ಯಾನ್ಸಲ್ ಯಾಕ ಇಟ್ಟೀರಿ? ಅದನ್ನ ತೆಗೀರಿ." ಅಂತಿಮ ಬಿಲ್ಲಿನ ಪರದೆಯಲ್ಲಿ ಎರಡು ಬಟನ್ನೂ ಮೈಗೆ ಮೈ ತಾಗಿಸಿಕೊಂಡಿದ್ದವು. ಗದ್ದಲದಲ್ಲಿ ಬೆರಳು ಕೂದಲೆಳೆ ಸರಿದರೆ ಬಿಲ್ಲೇ ರದ್ದು, ಮತ್ತೆ ಮಾಡಬೇಕಾದರೆ ಸಾಹೇಬರ ಪಾಸ್‌ವರ್ಡ್ ಬೇಕು, ಸಾಹೇಬರು ಸಿಸೇರಿಯನ್‌ನಲ್ಲಿರುತ್ತಾರೆ.

ಅಂದೇ ಬೆಂಗಳೂರಿಗೆ ದೂರಿನ ಟಿಕೆಟ್ ಹಾಕಿದೆ. ಮುಂದಿನ ಆವೃತ್ತಿಯಲ್ಲಿ ಸರಿಮಾಡುತ್ತೇವೆಂದರು. ಮುಂದಿನ ಆವೃತ್ತಿ ಬಂತು. ಹೊಸ ಪಾಲುದಾರರ ಲಾಂಛನ ಪರದೆಯ ನೆತ್ತಿಯ ಮೇಲೆ ಬಂದಿತ್ತು, ಬಣ್ಣ ನೀಲಿಯಿಂದ ಹಸಿರಾಗಿತ್ತು, ಬಟನ್ನುಗಳು ಇದ್ದಲ್ಲೇ ಇದ್ದವು. ಮತ್ತೆ ಹೋದಾಗ ನೋಡಿದರೆ, ಅಕ್ಕ ಡ್ರೆಸ್ಸಿಂಗ್ ರೂಮಿನಿಂದ ಗಾಯಕ್ಕೆ ಹಚ್ಚುವ ಬಿಳಿ ಟೇಪಿನ ತುಂಡು ತಂದು ಮಾನಿಟರಿನ ಮೇಲೆ, ಸರಿಯಾಗಿ ಕ್ಯಾನ್ಸಲ್ ಬರುವ ಜಾಗಕ್ಕೆ ಅಂಟಿಸಿದ್ದರು. ಮೇಲೆ ಕೆಂಪು ಪೆನ್ನಿನಲ್ಲಿ 'ಮುಟ್ಟಬ್ಯಾಡ' ಎಂದು ಬರೆದಿತ್ತು. ಅದು ಅಂಟಿದಂದಿನಿಂದ ಒಂದೂ ಬಿಲ್ಲು ತಪ್ಪಿ ರದ್ದಾಗಿಲ್ಲವಂತೆ.

ಫೋಟೊ ತೆಗೆದು ಬೆಂಗಳೂರಿಗೆ ಕಳಿಸಿದೆ, ಈಗಲಾದರೂ ನಾಚಿಕೆಯಾಗಲಿ ಎಂದು. ಹತ್ತು ನಿಮಿಷದೊಳಗೆ ಉತ್ತರ ಬಂತು: 'ಸಮಸ್ಯೆ ಗ್ರಾಹಕರ ಕಡೆಯಿಂದಲೇ ಪರಿಹಾರವಾಗಿದೆ. ಟಿಕೆಟ್ ಮುಚ್ಚಲಾಗಿದೆ.'