ಬಾಖ್‌ಗೆ ‘ದಬದಬ’, ದಾಸರಿಗೆ ಸರಳೆ

1963ರಲ್ಲಿ ಪ್ಯಾರಿಸ್ಸಿನ ಸ್ವಿಂಗಲ್ ಸಿಂಗರ್ಸ್ ಎಂಬ ಎಂಟು ಮಂದಿ, ಜರ್ಮನ್ ಸಂಗೀತಕಾರ ಬಾಖ್‌ನ ವಾದ್ಯಸಂಗೀತವನ್ನು ಬಾಯಲ್ಲೇ ಹಾಡಿಬಿಟ್ಟರು. ಸಾಹಿತ್ಯವಿಲ್ಲ, ಬರೀ ‘ದಬದಬ ದೂಬಿದೂ’. ಹಿಂದೆ ಜಾಝ್‌ನ ಬಾಸು, ಡ್ರಮ್ಮು. ಮಡಿವಂತರು ಮೂಗು ಮುರಿದಿರಬೇಕು, ಗ್ರ್ಯಾಮಿಯಂತೂ ಬಂತು.

ಹಂಪಿಯವರಿಗೆ ಇದರಲ್ಲೇನು ಬೆರಗು? ಬಾಖ್ ಹುಟ್ಟುವ ನೂರು ವರ್ಷಕ್ಕೂ ಮೊದಲೇ ಅಲ್ಲೇ ನೆಲೆಸಿದ್ದ ಪುರಂದರದಾಸರು ಮಾತಿಲ್ಲದ ಸರಳೆ, ಜಂಟಿ ವರಸೆಗಳನ್ನು ಎಳೆಯರ ಬಾಯಿಗೆ ಹಾಕಿದರೆಂದು ಪ್ರತೀತಿ. ಅಲ್ಲಿನ ವಿಠ್ಠಲ ದೇವಸ್ಥಾನದಲ್ಲಿ ಕಂಬಗಳೂ ದನಿ ಕೊಡುತ್ತವೆ. ಬಡಿಯಹೋದರೆ ಕಾವಲುಗಾರರ ಗದರಿಕೆಯೂ ಶ್ರುತಿಬದ್ಧ!

ಜಾಝ್ ಕೂಡ ಕನ್ನಡನಾಡಿಗೆ ಹೊಸದಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಆರ್.ಎ. ರಮಾಮಣಿ 1983ರಲ್ಲೇ ಅಮೆರಿಕದ ಚಾರ್ಲಿ ಮರಿಯಾನೊ ಅವರ ಸ್ಯಾಕ್ಸೊಫೋನಿನೊಂದಿಗೆ ‘ಜ್ಯೋತಿ’ ರೆಕಾರ್ಡಿಗೆ ಹಾಡಿದರು.

ಇನ್ನು ಕಂಪ್ಲಿಯ ಭಜನೆ ಮಂಡಳಿಯೊಂದಕ್ಕೆ ಬಾಸ್ ಗಿಟಾರ್ ಕೊಟ್ಟು ನೋಡಬೇಕು. ಹಾರ್ಮೋನಿಯಂನವರು ಜಾಗ ಬಿಟ್ಟಾರೇ?