ಮೋಡೆಮ್ ಪ್ರತಿಷ್ಠಾಪನಾ ವಿಧಿ: ಘಾಟ್ಕೋಪರ್ ಶಾಖೆ

ಟೆಲಿಫೋನಿನ ತಾಮ್ರದ ತಂತಿಯಿಂದ ಇಂಟರ್ನೆಟ್ಟನ್ನು ಆವಾಹಿಸುವ ಪೆಟ್ಟಿಗೆಯೇ ಡಿಎಸ್‌ಎಲ್ ಮೋಡೆಮ್. ಮುಂಬಯಿಯ ಘಾಟ್ಕೋಪರಿನ ಮನೆಗಳಲ್ಲಿ ಈ ಶಾಸ್ತ್ರ ಬೇರೂರಿದ್ದು 2005ರಲ್ಲಿ ಎಂಟಿಎನ್‌ಎಲ್ ಟ್ರೈಬ್ಯಾಂಡ್ ಸೇವೆ ಆರಂಭಿಸಿದ ಮೇಲೆ. ಶಾಸ್ತ್ರವೆನಿಸಿಕೊಳ್ಳಲು ಬೇಕಾದ ಅನುಬಂಧಗಳು ನಾಲ್ಕೂ ಇದಕ್ಕಿವೆ. ವಿಷಯ, ಮೋಡೆಮ್. ಪ್ರಯೋಜನ, ಊರಿನ ಸುದ್ದಿ ಊರಿನವರಿಗಿಂತ ಮೊದಲು ತಿಳಿಯುವುದು. ಸಂಬಂಧ, ತಂತಿ. ಅಧಿಕಾರಿ, ಮನೆಯಲ್ಲಿ ಕಾಲೇಜಿಗೆ ಹೋಗುವವರು. ಬಿಲ್ ಕಟ್ಟುವ ಯಜಮಾನರಿಗೆ ಇದರಲ್ಲಿ ಅಧಿಕಾರವಿಲ್ಲ. ಪಕ್ಕದಲ್ಲಿ ನಿಂತು ‘ಆಯಿತಾ?’ ಎಂದು ಕೇಳಲು ಮಾತ್ರ ಅನುಮತಿಯಿದೆ.

ಮೊದಲ ಕರ್ಮ ಸ್ಪ್ಲಿಟರ್ ಜೋಡಣೆ. ಮಾತು 4 ಕಿಲೋಹರ್ಟ್ಸ್‌ನೊಳಗೆ ಸಾಗುತ್ತದೆ, ಡೇಟಾ ಸುಮಾರು 25ರ ಮೇಲೆ. ಇವೆರಡನ್ನು ಬೇರ್ಪಡಿಸದೆ ಒಳಕೋಣೆಗೆ ಇನ್ನೊಂದು ಫೋನ್ ಎಳೆದ ಮನೆಯಲ್ಲಿ ಊರಿಂದ ಅತ್ತೆಯ ಕರೆ ಬಂದಾಗಲೆಲ್ಲ ನೆಟ್ ಹೋಗುತ್ತದೆ. ಅತ್ತೆಯ ಮೇಲೆ ಅಪವಾದ ಹೊರಿಸುವುದು ಶಾಸ್ತ್ರಸಮ್ಮತವಲ್ಲ.

ಬಳಿಕ ಬ್ರೌಸರಿನಲ್ಲಿ 192.168.1.1 ಎಂಬ ಮಂತ್ರ. ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್; ಇಷ್ಟು ಬಹಿರಂಗವಾದ ರಹಸ್ಯೋಪದೇಶ ಬೇರೆ ಯಾವ ತಂತ್ರದಲ್ಲೂ ಇಲ್ಲ. ಒಳಹೊಕ್ಕ ಕೂಡಲೇ ಮೋಡೆಮ್ ವಿಪಿಐ, ವಿಸಿಐ ಎಂಬ ಎರಡು ಸಂಖ್ಯೆ ಕೇಳುತ್ತದೆ, ಪುರೋಹಿತರು ಗೋತ್ರ ಕೇಳುವಂತೆ. ಎಂಟಿಎನ್‌ಎಲ್‌ನದು 0/32, ಬಿಎಸ್‌ಎನ್‌ಎಲ್‌ನದು 0/35. ಮಂಗಳೂರಿನ ಅಣ್ಣನ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಮೋಡೆಮನ್ನು ಬ್ಯಾಗಿಗೆ ಹಾಕಿಕೊಂಡು ಬಂದವರು ಎಡವುವುದು ಇಲ್ಲೇ. ಡಿಎಸ್‌ಎಲ್ ದೀಪ ಸ್ಥಿರವಾಗಿ ಉರಿಯುತ್ತದೆ, ಇಂಟರ್ನೆಟ್ ದೀಪ ಮಾತ್ರ ಕಣ್ಣು ಬಿಡುವುದಿಲ್ಲ. 35ನ್ನು ಅಳಿಸಿ 32 ಬರೆದರೆ ದೋಷ ಪರಿಹಾರ.

ಮುಂದಿನದು ಪಂಥಭೇದ. ಬ್ರಿಡ್ಜ್ ಮತದಲ್ಲಿ ಮೋಡೆಮ್ ಬರೀ ಸಾಕ್ಷಿ, ಕರ್ತೃತ್ವವೆಲ್ಲ ಕಂಪ್ಯೂಟರಿನದು. ಪ್ರತಿ ಸಲವೂ ಅದರಿಂದಲೇ ಡಯಲ್ ಮಾಡಬೇಕು. ಪಿಪಿಪಿಒಇ ಮತದಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಮೋಡೆಮಿನೊಳಗೇ ನೆಲೆಸಿ, ಸ್ವಿಚ್ ಹಾಕಿದೊಡನೆ ಸಾಯುಜ್ಯ. ಮನೆಯಲ್ಲಿ ಎರಡನೆಯ ಕಂಪ್ಯೂಟರ್ ಬಂದ ದಿನ ಬ್ರಿಡ್ಜ್ ಮತಸ್ಥರೆಲ್ಲ ಪಂಥ ಬದಲಿಸಿದರು.

ಇಷ್ಟೆಲ್ಲ ಸರಿಯಿದ್ದರೂ ಮಳೆಗಾಲದ ಅಧ್ಯಾಯ ಪ್ರತ್ಯೇಕ. ಟ್ರೈಬ್ಯಾಂಡ್ ಬಂದ ವರ್ಷವೇ, ಜುಲೈ 26ರಂದು, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ಅಷ್ಟು ಬೇಕಿಲ್ಲ, ಸಾಧಾರಣ ಮಳೆಗೂ ನೆಲದಡಿಯ ಕೇಬಲ್ಲಿನ ಜಾಯಿಂಟಿಗೆ ನೀರು ಇಳಿಯುತ್ತದೆ, ಗದ್ದಲ ಹೆಚ್ಚಿ ಸಂಕೇತ ಅದರಲ್ಲಿ ಮುಳುಗುತ್ತದೆ. ಎಸ್‌ಎನ್‌ಆರ್ ಮಾರ್ಜಿನ್ 6 ಡೆಸಿಬಲ್‌ಗಿಂತ ಕೆಳಗಿಳಿದರೆ ಮೋಡೆಮ್ ಮತ್ತೆ ಮತ್ತೆ ಸಂಪರ್ಕ ಕಳೆದುಕೊಂಡು ಹುಡುಕುತ್ತದೆ. ಇಲ್ಲಿ ಪೂರ್ವಪಕ್ಷ ಲೈನ್‌ಮನ್ನರದು: ‘ಲೈನ್ ಬರಾಬರ್ ಆಹೆ, ಮೋಡೆಮ್ ಖರಾಬ್.’ ಮೋಡೆಮ್ ಮಾರಿದವರು ಇದನ್ನೇ ತಿರುಗಿಸಿ ಹೇಳುತ್ತಾರೆ. ಸಿದ್ಧಾಂತವನ್ನು ರಿಸೀವರ್ ಕಿವಿಗಿಟ್ಟು ನಿರ್ಣಯಿಸಬೇಕು: ಡಯಲ್ ಟೋನ್ ಹಿಂದೆ ಕರಕರ ಕೇಳಿಸಿದರೆ ತಪ್ಪು ತಂತಿಯದು. ಆಗ ಸೆಟ್ಟಿಂಗ್ ಮುಟ್ಟುವುದು ನಿಷಿದ್ಧ.

ಆದರೂ ಮುಟ್ಟುತ್ತಾರೆ. ಹಿಂಬದಿಯ ಸೂಜಿತೂತಿಗೆ ಸೇಫ್ಟಿ ಪಿನ್ ಚುಚ್ಚಿ ಹತ್ತು ಸೆಕೆಂಡು ಒತ್ತಿದರೆ ಪ್ರಳಯ: 32 ಹೋಗುತ್ತದೆ, ಯೂಸರ್‌ನೇಮ್ ಹೋಗುತ್ತದೆ, ಕರಕರ ಉಳಿಯುತ್ತದೆ. ಪುನಃಸೃಷ್ಟಿಗೆ ಬೇಕಾದ ಪಾಸ್‌ವರ್ಡನ್ನು ಹಳೆಯ ಬಿಲ್ಲಿನ ಹಿಂದೆ ಬರೆದಿಡುವುದು ಸಂಪ್ರದಾಯ. ಆ ಬಿಲ್ಲು ಹಿಂದಿನ ಭಾನುವಾರವೇ ರದ್ದಿವಾಲಾನ ತಕ್ಕಡಿ ಏರಿರುತ್ತದೆ.