ತೆರಿಗೆ ಬೇಡ, ಗ್ರಂಥಾಲಯ ಬೇಕು

ಕ್ಯಾಲಿಫೋರ್ನಿಯಾದ ಕೌಂಟಿಗಳಲ್ಲಿ ಬಜೆಟ್ ಪಾಸು ಮಾಡುವವರು ಸೂಪರ್‌ವೈಸರ್‌ಗಳು. ಸಾಮಾನ್ಯವಾಗಿ ಐದೇ ಜನ. ಲೆಕ್ಕದ ವರ್ಷ ಜುಲೈ 1ಕ್ಕೆ ಶುರು. ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಬಿಡಬೇಕೆಂಬುದು ಬ್ರೌನ್ ಕಾಯ್ದೆಯ ಕಟ್ಟಳೆ. ಒಪ್ಪಬೇಕೆಂದು ಕಾಯ್ದೆಯಲ್ಲಿಲ್ಲ. ಮೈಕಿನ ಮುಂದೆ ಸಮಯ ಮುಗಿದು ಕೆಂಪು ದೀಪ ಹತ್ತುವುದರೊಳಗೆ ನಡೆಯುವ ಸಂಭಾಷಣೆ ಹೆಚ್ಚುಕಮ್ಮಿ ಹೀಗಿರುತ್ತದೆ:

ನಾಗರಿಕ: ಗ್ರಂಥಾಲಯ ಭಾನುವಾರ ಯಾಕ್ರೀ ಬಾಗಿಲು ಹಾಕಿರುತ್ತೆ?

ಸೂಪರ್‌ವೈಸರ್: ದುಡ್ಡಿಲ್ಲ ಸ್ವಾಮಿ. ತೆರಿಗೆ ಏರಿಸೋಣವೇ?

ನಾಗರಿಕ: ಮನೆ ತೆರಿಗೆಗೆ ಕೈ ಹಾಕಿದರೆ ಜೋಕೆ!

ಸೂಪರ್‌ವೈಸರ್: ಹಾಕಿದರೂ ಏನೂ ಗಿಟ್ಟದು.

ಅದು ನಿಜ. 1978ರಲ್ಲಿ ಮತದಾರರೇ ಗೆಲ್ಲಿಸಿದ 13ನೇ ಪ್ರಸ್ತಾವ ಆಸ್ತಿ ತೆರಿಗೆಯ ಮೂಲ ದರವನ್ನು ಶೇ. 1ಕ್ಕೆ ಕಟ್ಟಿಹಾಕಿತು. ಮನೆ ಕೈ ಬದಲಾಗುವವರೆಗೆ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹೀಗಾಗಿ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಮೊನ್ನೆ ಮೊನ್ನೆ ಮನೆ ಕೊಂಡ ಬೆಂಗಳೂರಿನ ಎಂಜಿನಿಯರು, ಬೇಲಿಯಾಚೆ ಅಂಥದೇ ಮನೆಯಲ್ಲಿ ದಶಕಗಳಿಂದಿರುವ ಅಜ್ಜಿಗಿಂತ ಎಷ್ಟೋ ಪಟ್ಟು ಕಟ್ಟುತ್ತಾನೆ. ರಸ್ತೆಯ ಗುಂಡಿ ಮಾತ್ರ ಇಬ್ಬರಿಗೂ ಒಂದೇ. ವಸೂಲಾದ ಹಣದಲ್ಲೂ ಶಾಲೆ, ನಗರಗಳಿಗೆ ಪಾಲುಂಟು. ಬೈಗುಳ ಪೂರ್ತಿ ಕೌಂಟಿಗೇ. ರಾಜ್ಯ, ಕೇಂದ್ರಗಳಿಂದ ಬರುವ ಹಣದ ಬಹುಪಾಲಿಗೆ ಆರೋಗ್ಯ, ಕಲ್ಯಾಣವೆಂಬ ಚೀಟಿ ಮೊದಲೇ ಅಂಟಿರುತ್ತದೆ.

ಸೂಪರ್‌ವೈಸರ್: ಗ್ರಂಥಾಲಯಕ್ಕೆಂದೇ ನಾವು ಹೊಸ ತೆರಿಗೆ ಮುಂದಿಟ್ಟರೆ ಮೂರರಲ್ಲಿ ಎರಡು ಪಾಲು ಮತ ಬೇಕು. ನಿಮ್ಮದು ಸಿಗುತ್ತದೆಯೇ?

ನಾಗರಿಕ: ಅದಿರಲಿ, ಖರ್ಚು ಕಡಿಮೆ ಮಾಡಿ.

ಸೂಪರ್‌ವೈಸರ್: ಯಾವುದು? ಜೈಲೋ, ಆಸ್ಪತ್ರೆಯೋ?

ನಾಗರಿಕ: ಪಕ್ಕದ ಬೀದಿಯ ಡಾಂಬರು. ನಮ್ಮ ಬೀದಿ ಮುಗಿದ ಮೇಲೆ ನಿಲ್ಲಿಸಿ.